ದೂರಬಹುದಾಗಿದ್ದವರು ಇಟ್ಟ ದತ್ತಿ



ಕನ್ನಡಿಗರ ಸಭೆಯಲ್ಲಿ ಯಹೂದಿಗಳ ಬದುಕಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅವರು ನಮ್ಮ ನೆರೆಹೊರೆಯವರು ಎಂಬುದೇ ಕಾರಣ. ನಮ್ಮಲ್ಲಿ ಹಲವರು ಲಂಡನ್ನಿನ ಹೆಂಡನ್, ಎಡ್ಜ್‌ವೇರ್, ಫಿಂಚ್ಲಿ, ಗೋಲ್ಡರ್ಸ್ ಗ್ರೀನ್ ಕಡೆ ಮನೆ ಮಾಡಿಕೊಂಡವರು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2 ಲಕ್ಷ 71 ಸಾವಿರ ಯಹೂದಿಗಳಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗ್ರೇಟರ್ ಲಂಡನ್ನಿನವರು. ಬಾರ್ನೆಟ್ ಎಂಬ ನಮ್ಮದೇ ಆಡಳಿತ ವಿಭಾಗದಲ್ಲಿ 56 ಸಾವಿರಕ್ಕೂ ಮಿಗಿಲು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಅವರ ಅಂಗಡಿಗಳು ಬಾಗಿಲು ಹಾಕುವುದನ್ನು ನೋಡುತ್ತೇವೆ. ಶನಿವಾರ ಬೆಳಿಗ್ಗೆ ಇಡೀ ಸಂಸಾರ ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ನಡೆದು ಹೋಗುವುದನ್ನು ನೋಡುತ್ತೇವೆ. ಸಿನಗಾಗ್ ಬಾಗಿಲಲ್ಲಿ ಕಾವಲು ನಿಂತ ಸ್ವಯಂಸೇವಕರನ್ನೂ ನೋಡುತ್ತೇವೆ. ಆ ಕಾವಲು ಏಕೆ ಬೇಕಾಗಿದೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ನಾನು ಇವತ್ತು ಮಾತಾಡಬೇಕೆಂದಿರುವುದು ಆ ಮನೆಗಳ ಒಳಗೆ, ಬೀದಿಗೆ ಕಾಣದ ಹಾಗೆ, ದಿನವಿಡೀ ನಡೆಯುವ ಒಂದು ಅಭ್ಯಾಸದ ಬಗ್ಗೆ. ದೂರಲು ಹೊರಟ ನಾಲಿಗೆಯನ್ನು ಕೃತಜ್ಞತೆಯ ಕಡೆ ತಿರುಗಿಸುವ ಅಭ್ಯಾಸ ಅದು.

ಯಹೂದಿ ಪರಂಪರೆ ಕೃತಜ್ಞತೆಯನ್ನು ಮನಸ್ಸು ಬಂದಾಗ ಬರಲಿ ಎಂದು ಬಿಟ್ಟುಬಿಟ್ಟಿಲ್ಲ. ಅದಕ್ಕೆ ಹೊತ್ತು ಗೊತ್ತುಮಾಡಿದೆ, ಮಾತು ಗೊತ್ತುಮಾಡಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೆ, ಹಾಸಿಗೆಯಲ್ಲಿರುವಾಗಲೇ, ‘ಮೋದೆ ಅನಿ’ ಎಂಬ ಪುಟ್ಟ ಪ್ರಾರ್ಥನೆ. ರಾತ್ರಿ ನಿನ್ನ ಕೈಗೆ ಒಪ್ಪಿಸಿದ್ದ ಉಸಿರನ್ನು ಮರಳಿ ಕೊಟ್ಟೆಯಲ್ಲ ಎಂಬ ಭಾವ ಅದರದು. ಇನ್ನೂ ಕೈ ತೊಳೆದಿರುವುದಿಲ್ಲವಾದ್ದರಿಂದ ಅದರಲ್ಲಿ ದೇವರ ಪವಿತ್ರ ನಾಮವನ್ನು ಸೇರಿಸಿಲ್ಲ. ಶುದ್ಧವಾಗುವ ತನಕ ಕಾಯದೆ ಹೇಳಲಿ ಎಂಬ ಉಪಾಯ ಇದ್ದಂತಿದೆ. ಆಮೇಲೆ ಎರಡು ಹಿಡಿಯ ಚೊಂಬಿನಿಂದ ಒಂದು ಕೈ ಬಿಟ್ಟು ಒಂದು ಕೈಗೆ ನೀರು ಹೊಯ್ದುಕೊಳ್ಳುವುದು. ಗೋಲ್ಡರ್ಸ್ ಗ್ರೀನಿನ ಎಷ್ಟೋ ಮನೆಗಳ ಸಿಂಕಿನ ಪಕ್ಕ ಆ ಚೊಂಬು ಇರುತ್ತದೆ.

ಶೌಚಾಲಯದ ಹೊರಗೆ, ಗೋಡೆಯ ಮೇಲೆ, ಒಂದು ಹೀಬ್ರೂ ಕಾರ್ಡು ತೂಗುಹಾಕಿರುವುದನ್ನು ನೀವು ಯಾವುದಾದರೂ ಕೋಷರ್ (ಯಹೂದಿ ಆಹಾರನಿಯಮದ) ಹೋಟೆಲಿನಲ್ಲಿ ನೋಡಿರಬಹುದು. ಅದು ಶೌಚ ಮುಗಿಸಿ ಕೈ ತೊಳೆದ ಮೇಲೆ ಹೇಳುವ ಮಾತು. ಮನುಷ್ಯನ ದೇಹದಲ್ಲಿ ಎಷ್ಟೋ ದ್ವಾರಗಳು, ಎಷ್ಟೋ ನಾಳಗಳು. ಅವುಗಳಲ್ಲಿ ತೆರೆದಿರಬೇಕಾದ ಒಂದು ಮುಚ್ಚಿಕೊಂಡರೂ, ಮುಚ್ಚಿರಬೇಕಾದ ಒಂದು ತೆರೆದುಕೊಂಡರೂ ನಿನ್ನ ಮುಂದೆ ನಿಲ್ಲಲಾರೆವು ಎನ್ನುವುದು ಅದರ ಸಾರ. ತಾಲ್ಮುಡ್ ಎಂಬ ಯಹೂದಿ ಧರ್ಮಶಾಸ್ತ್ರಗ್ರಂಥದ ಕಾಲದಿಂದ ಬಂದದ್ದು. ಮನೆಯಲ್ಲಿ ಮೂತ್ರಪಿಂಡದ ಕಾಯಿಲೆಯವರು, ಕ್ಯಾಥಿಟರ್ ಹಾಕಿಸಿಕೊಂಡವರು ಇದ್ದರೆ ಆ ಕಾರ್ಡಿನ ಬೆಲೆ ಅವರಿಗೆ ತಿಳಿಯುತ್ತದೆ. ಮಿಕ್ಕವರಿಗೆ ಕಾಯಿಲೆ ಬರುವ ಮುಂಚೆಯೇ ತಿಳಿಸಿಕೊಡಲು ಅದನ್ನು ಅಲ್ಲಿ ತೂಗುಹಾಕಿದ್ದಾರೆ.

ತಿನ್ನುವ ವಿಷಯದಲ್ಲಂತೂ ಈ ಶಿಸ್ತು ಸೂಕ್ಷ್ಮವಾಗಿದೆ. ರೊಟ್ಟಿಗೆ ಒಂದು ಸ್ತುತಿ, ದ್ರಾಕ್ಷಾರಸಕ್ಕೆ ಒಂದು, ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಇನ್ನೊಂದು. ಹಾಗಾದರೆ ಬಾಳೆಹಣ್ಣಿಗೆ ಯಾವುದು? ಯಹೂದಿ ಶಾಲೆಯ ಪುಟ್ಟ ಮಕ್ಕಳು ಕಲಿಯುವ ಪಾಠ ಇದು. ಬಾಳೆ ನೋಡಲು ಮರದಷ್ಟೆತ್ತರ ಇದ್ದರೂ ಅದಕ್ಕೆ ಹೇಳಬೇಕಾದದ್ದು ನೆಲದ ಬೆಳೆಯ ಸ್ತುತಿ. ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಬಿಡುವುದಿಲ್ಲ, ಆ ದಿಂಡು ಅಲ್ಲಿಗೆ ಮುಗಿಯಿತು, ಬುಡದ ಕಂದು ಬೆಳೆಯಬೇಕು. ಈ ಸಂಗತಿ ನಮ್ಮ ತೋಟದ ಆಳಿಗೆ ಗೊತ್ತು. ಬಾಳೆಯೇ ಬೆಳೆಯದ ಎಡ್ಜ್‌ವೇರಿನ ಆರು ವರ್ಷದ ಹುಡುಗಿಗೂ ಗೊತ್ತು. ಏಕೆಂದರೆ ತಾನು ತಿನ್ನುತ್ತಿರುವುದು ಏನು, ಎಲ್ಲಿಂದ ಬಂದದ್ದು, ಹೇಗೆ ಬೆಳೆದದ್ದು ಎಂದು ತಿಳಿಯದೆ ಆಕೆಗೆ ಅದರ ಸ್ತುತಿ ಹೇಳಲು ಬರುವುದಿಲ್ಲ. ನನಗೆ ಈ ಪರಂಪರೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಅಂಶ ಇದೇ. ಒಟ್ಟಾರೆ ಎಲ್ಲಕ್ಕೂ ಒಂದು ನಮಸ್ಕಾರ ಹಾಕಿ ಮುಗಿಸಲು ಅದು ಬಿಡುವುದಿಲ್ಲ. ಕೈಯಲ್ಲಿರುವ ವಸ್ತುವನ್ನು ನೋಡು ಎನ್ನುತ್ತದೆ.

ನೆರೆಮನೆಯಲ್ಲಿ ಕಂಡದ್ದೊಂದನ್ನು ಹೇಳಬೇಕು. ಶಾಲೆಯಿಂದ ಬಂದ ಹುಡುಗ ಹಸಿದಿದ್ದ, ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ. ಬೇರೆ ಬಿಸ್ಕತ್ತು ಇಲ್ಲವೇ, ಇದು ಯಾರಿಗೆ ಬೇಕು, ಎಂದು ಗೊಣಗುತ್ತಲೇ ಬಾಯಿಯ ಹತ್ತಿರ ತಂದ. ಅಡುಗೆಮನೆಯ ಇನ್ನೊಂದು ತುದಿಯಲ್ಲಿ ಬಟ್ಟೆ ಮಡಚುತ್ತಿದ್ದ ಅಜ್ಜಿ ಗದರಲಿಲ್ಲ. ಕೈಯಲ್ಲಿದ್ದ ಟವೆಲನ್ನು ಹಾಗೇ ಹಿಡಿದುಕೊಂಡು ಅವನ ಮುಖ ನೋಡುತ್ತಾ ನಿಂತರು. ಆತ ತಡೆದ, ಸ್ತುತಿಯ ಐದಾರು ಮಾತು ಹೇಳಿದ, ಅಜ್ಜಿ ‘ಆಮೆನ್’ ಅಂದರು, ಆಮೇಲೆ ಟವೆಲು ಮಡಚಿದರು. ಹುಡುಗನಿಗೆ ಭಕ್ತಿ ಉಕ್ಕಿತೆಂದು ನಾನು ಹೇಳಲಾರೆ. ಆದರೆ ಗೊಣಗಾಟ ಅಲ್ಲಿಗೆ ನಿಂತಿತು. ಒಂದೇ ಬಾಯಿಯಲ್ಲಿ ಎರಡೂ ಒಟ್ಟಿಗೆ ಬರಲು ಸಾಧ್ಯವಿಲ್ಲವಲ್ಲ!

ಇಂಥ ಸ್ತುತಿಗಳು ದಿನಕ್ಕೆ ನೂರಾಗಬೇಕು ಎಂದು ತಾಲ್ಮುಡ್ ರಬ್ಬಿ ಮೇಯರ್ ಎಂಬ ಧರ್ಮಗುರುವಿನ ಹೆಸರಿನಲ್ಲಿ ಹೇಳುತ್ತದೆ. ಮೂರು ಹೊತ್ತಿನ ಪ್ರಾರ್ಥನೆ, ಊಟದ ಹಿಂದುಮುಂದಿನ ಮಾತು, ಇವೆಲ್ಲ ಸೇರಿದರೆ ವಾರದ ದಿನಗಳಲ್ಲಿ ನೂರು ತಾನಾಗಿಯೇ ತುಂಬುತ್ತದೆ. ಗುಡುಗಿಗೆ ಉಂಟು, ಕಾಮನಬಿಲ್ಲಿಗೆ ಉಂಟು, ವಸಂತದಲ್ಲಿ ಹಣ್ಣಿನ ಮರ ಹೂಬಿಟ್ಟದ್ದನ್ನು ವರ್ಷದಲ್ಲಿ ಮೊದಲ ಸಲ ಕಂಡಾಗಲೂ ಉಂಟು. ‘ಹೇಗಿದ್ದೀರಿ’ ಎಂದು ದಾರಿಯಲ್ಲಿ ಕೇಳಿದರೆ ‘ಬಾರೂಖ್ ಹಶೆಮ್’, ದೇವರಿಗೆ ಸ್ತೋತ್ರ, ಎಂಬ ಉತ್ತರ ಮೊದಲು ಬರುತ್ತದೆ. ಮಂಡಿನೋವಿನ ಸುದ್ದಿ ಆಮೇಲೆ.

ಸಿನಗಾಗ್‌ನಲ್ಲಿ ಇನ್ನೊಂದು ಕ್ರಮವಿದೆ. ನಿಂತು ಮಾಡುವ ಮುಖ್ಯ ಪ್ರಾರ್ಥನೆಯನ್ನು ಒಬ್ಬೊಬ್ಬರೂ ಮೆಲ್ಲಗೆ ಹೇಳಿಕೊಂಡ ಮೇಲೆ ಮುಂದಾಳು ಎಲ್ಲರ ಪರವಾಗಿ ಗಟ್ಟಿಯಾಗಿ ಮತ್ತೆ ಹೇಳುತ್ತಾನೆ. ಆರೋಗ್ಯ, ಮಳೆ, ಬೆಳೆ, ಕ್ಷಮೆ, ಎಲ್ಲ ಬೇಡಿಕೆಗೂ ಜನ ಆಮೆನ್ ಅಂದರೆ ಸಾಕು. ಕೃತಜ್ಞತೆಯ ಭಾಗ ಬಂದಾಗ ಮಾತ್ರ ಎಲ್ಲರೂ ಬಾಗಿ ತಂತಮ್ಮ ಬಾಯಿಂದಲೇ ಬೇರೊಂದು ಮಾತು ಹೇಳುತ್ತಾರೆ. ಹದಿನಾಲ್ಕನೆಯ ಶತಮಾನದ ಸ್ಪೇನಿನ ಅಬುದರ್ಹಾಮ್ ಎಂಬ ಪಂಡಿತ ಇದಕ್ಕೆ ಕೊಟ್ಟ ಕಾರಣ ಸರಳವಾಗಿದೆ: ಬೇಡುವುದಕ್ಕೆ ಪ್ರತಿನಿಧಿಯನ್ನು ಕಳಿಸಬಹುದು, ಋಣ ಒಪ್ಪಿಕೊಳ್ಳುವುದಕ್ಕೆ ತಾನೇ ಹೋಗಬೇಕು. ‘ನಮ್ಮ ಪರವಾಗಿ ನೀವೇ ಒಂದು ಥ್ಯಾಂಕ್ಸ್ ಹೇಳಿಬಿಡಿ’ ಎಂದು ಫೋನಿನಲ್ಲಿ ಹೇಳಿ ಮುಗಿಸುವ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ದೂರಿನ ಕಡೆ ಬರುತ್ತೇನೆ. ಬೈಬಲಿನ ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯವನ್ನು ನೀವು ಬಿಡುವಾದಾಗ ಓದಬೇಕು. ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲ್ಯರು ಮರುಭೂಮಿಯಲ್ಲಿದ್ದಾರೆ. ದಿನವೂ ಮನ್ನ ಎಂಬ ಆಹಾರ ಇಬ್ಬನಿಯ ಜೊತೆ ಇಳಿದು ಬರುತ್ತಿದೆ. ಅವರು ಡೇರೆಗಳ ಬಾಗಿಲಲ್ಲಿ ಕೂತು ಅಳುತ್ತಾರೆ. ಐಗುಪ್ತದಲ್ಲಿ ತಿಂದ ಮೀನು, ಸವತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಯನ್ನು ನೆನೆಯುತ್ತಾರೆ. ಇಲ್ಲಿ ಈ ಮನ್ನ ಒಂದನ್ನು ಬಿಟ್ಟರೆ ಕಣ್ಣಿಗೆ ಏನೂ ಬೀಳುವುದಿಲ್ಲ ಎಂದು ಹಲುಬುತ್ತಾರೆ. ಆ ಮೀನು ಅಲ್ಲಿ ಬಿಟ್ಟಿಯಾಗಿ ಸಿಗುತ್ತಿತ್ತು ಎಂದೂ ಹೇಳುತ್ತಾರೆ. ಬಿಟ್ಟಿ! ಚಾಟಿ ಏಟಿನ ಕೆಳಗೆ ಇಟ್ಟಿಗೆ ಮಾಡಿದವರು ಇವರು. ಹುಟ್ಟಿದ ಗಂಡುಕೂಸುಗಳನ್ನು ನದಿಗೆ ಎಸೆಯಬೇಕೆಂದು ಫರೋಹನು ಆಜ್ಞೆ ಮಾಡಿದ್ದು ಇವರ ಮನೆಗಳಿಗೇ. ಅದೇ ನದಿಯ ಮೀನು ಇವರ ನೆನಪಿನಲ್ಲಿ ಪುಕ್ಕಟೆಯಾಗಿದೆ.

ದೂರುವ ಚಾಳಿ ಮಾಡುವ ದೊಡ್ಡ ಕೇಡು ಇದು ಎಂದು ನನ್ನ ನಂಬಿಕೆ. ಅದು ಇಂದಿನ ಸಂತೋಷವನ್ನು ಕಸಿದುಕೊಳ್ಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ ನಿನ್ನೆಯ ಲೆಕ್ಕವನ್ನೂ ತಿದ್ದಿಬಿಡುತ್ತದೆ. ಬೆಂಗಳೂರಿನಲ್ಲಿದ್ದಾಗ ನಮಗೆ ಟ್ರಾಫಿಕ್ಕು, ಧೂಳು, ನೀರಿನ ಟ್ಯಾಂಕರು, ಕಚೇರಿಯ ಅಲೆದಾಟ ಸಾಕಾಗಿತ್ತು. ಇಲ್ಲಿ ನವೆಂಬರಿನ ನಾಲ್ಕು ಗಂಟೆಯ ಕತ್ತಲೆ, ಜಿಪಿ ಅಪಾಯಿಂಟ್‌ಮೆಂಟಿಗೆ ಕಾಯುವುದು, ಕೌನ್ಸಿಲ್ ಟ್ಯಾಕ್ಸು ನಮ್ಮನ್ನು ಹಿಂಡುತ್ತಿರುವಾಗ, ಅದೇ ಬೆಂಗಳೂರು ಬರಿಯ ಮಲ್ಲಿಗೆ, ಫಿಲ್ಟರ್ ಕಾಫಿ, ಅಕ್ಕಪಕ್ಕದವರ ಅಕ್ಕರೆಯಾಗಿ ಕಾಣುತ್ತದೆ. ರಜೆಗೆ ಹೋಗಿ ಎರಡು ವಾರ ಕಳೆದರೆ ಲಂಡನ್ನಿನ ಪಾರ್ಕುಗಳ ನೆನಪು ಬರುತ್ತದೆ. ಎರಡು ಊರಿನ ಋಣವನ್ನೂ ಹೀಗೆ ಸರದಿಯ ಮೇಲೆ ಮರೆಯುತ್ತೇವೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಲೆಕ್ಕಕ್ಕೇ.

ತಾಲ್ಮುಡ್‌ನಲ್ಲಿ ಇದಕ್ಕೆ ಹತ್ತಿರದ ಮಾತೊಂದಿದೆ. ನೀರು ಕುಡಿದ ಬಾವಿಗೆ ಕಲ್ಲೆಸೆಯಬಾರದು ಎಂಬ ಮಾತು ಅದು. ಐಗುಪ್ತದ ಮೇಲೆ ಬಂದ ಹತ್ತು ಉಪದ್ರವಗಳ ಕಥೆಯನ್ನು ಯಹೂದಿ ವ್ಯಾಖ್ಯಾನಕಾರರು ಓದುವಾಗ ಒಂದು ವಿವರದ ಮುಂದೆ ನಿಲ್ಲುತ್ತಾರೆ. ನದಿಯ ನೀರು ರಕ್ತವಾಗುವಂತೆ ಕೋಲು ಚಾಚಿದವನು ಇಸ್ರಾಯೇಲ್ಯರ ನಾಯಕ ಮೋಶೆಯಲ್ಲ, ಅವನ ಅಣ್ಣ ಆರೋನ. ಕೂಸಾಗಿದ್ದಾಗ ತನ್ನನ್ನು ತೇಲಿಸಿ ಉಳಿಸಿದ ನೀರಿಗೆ ಮೋಶೆ ಹೊಡೆಯಲಾಗದು ಎನ್ನುತ್ತಾನೆ ಹನ್ನೊಂದನೆಯ ಶತಮಾನದ ರಾಶಿ ಎಂಬ ವ್ಯಾಖ್ಯಾನಕಾರ. ನೆಲದ ಧೂಳಿಗೆ ಹೊಡೆದವನೂ ಆರೋನನೇ. ಮೋಶೆ ಕೊಂದ ಐಗುಪ್ತದವನನ್ನು ಆ ನೆಲ ಅಡಗಿಸಿಟ್ಟಿತ್ತು. ನೀರಿಗೇನು ತಿಳಿಯುತ್ತದೆ, ಮಣ್ಣಿಗೇನು ತಿಳಿಯುತ್ತದೆ? ಅವುಗಳಿಗೆ ತಿಳಿಯಬೇಕಾಗಿಲ್ಲ, ಹೊಡೆಯುವ ಕೈಗೆ ತಿಳಿದರೆ ಸಾಕು.

ಕೃತಜ್ಞತೆಯ ಮೇಲೆ ಈಚೆಗೆ ಮನಶ್ಶಾಸ್ತ್ರದವರೂ ಕೆಲಸ ಮಾಡಿದ್ದಾರೆ. 1991ರಿಂದ 2013ರವರೆಗೆ ಇಲ್ಲಿನ ಮುಖ್ಯ ರಬ್ಬಿಯಾಗಿದ್ದ, ಫಿಂಚ್ಲಿಯಲ್ಲಿ ಬೆಳೆದ ಜೊನಾಥನ್ ಸ್ಯಾಕ್ಸ್ ತಮ್ಮ ಬರಹಗಳಲ್ಲಿ ಆ ಸಂಶೋಧನೆಗಳನ್ನು ಪ್ರೀತಿಯಿಂದ ಉಲ್ಲೇಖಿಸುತ್ತಿದ್ದರು. ಅಮೆರಿಕದ ಸನ್ಯಾಸಿನಿಯರು ಹರೆಯದಲ್ಲಿ ಬರೆದಿಟ್ಟ ಆತ್ಮಕಥನಗಳನ್ನು ಪರಿಶೀಲಿಸಿದಾಗ, ಒಳ್ಳೆಯ ಭಾವಗಳನ್ನು ಹೆಚ್ಚು ಬರೆದವರು ಹೆಚ್ಚು ಕಾಲ ಬದುಕಿದ್ದು ಕಂಡುಬಂತು ಎಂಬ 2001ರ ಅಧ್ಯಯನ ಅವುಗಳಲ್ಲೊಂದು. ನನಗೆ ಅದರಲ್ಲಿ ಅನುಮಾನವಿಲ್ಲ, ಆದರೆ ಆಯುಸ್ಸು ಹೆಚ್ಚುತ್ತದೆ ಎಂಬ ಕಾರಣಕ್ಕೆ ಋಣ ಸ್ಮರಿಸುವುದು ನನಗೆ ಒಗ್ಗುವುದಿಲ್ಲ. ಪಡೆದದ್ದು ನಿಜವಾದ್ದರಿಂದ ಸ್ಮರಿಸಬೇಕು.

ಇಲ್ಲಿ ಒಂದು ಎಚ್ಚರ ಬೇಕು, ಅದನ್ನು ಹೇಳದೆ ಹೋದರೆ ನನ್ನ ಮಾತು ಅಪಾಯಕಾರಿಯಾಗುತ್ತದೆ. ‘ಇದ್ದದ್ದರಲ್ಲಿ ತೃಪ್ತಿಪಡು, ಗೊಣಗಬೇಡ’ ಎಂಬ ಉಪದೇಶವನ್ನು ಬಲವಿದ್ದವರು ಬಲವಿಲ್ಲದವರಿಗೆ ಎಲ್ಲ ಕಾಲದಲ್ಲೂ ಹೇಳಿದ್ದಾರೆ. ಸೊಸೆಗೆ ಹೇಳಿದ್ದಾರೆ, ಕೂಲಿಯವನಿಗೆ ಹೇಳಿದ್ದಾರೆ, ವಲಸೆ ಬಂದವನಿಗೆ ಈಗಲೂ ಹೇಳುತ್ತಾರೆ. ಯಹೂದಿ ಪರಂಪರೆ ಕೃತಜ್ಞತೆಯನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸಗೊಡುವುದಿಲ್ಲ. ಸೊದೋಮಿನ ಜನಕ್ಕಾಗಿ ಅಬ್ರಹಾಮನು ದೇವರ ಜೊತೆಗೇ ಚೌಕಾಸಿಗೆ ನಿಂತ. ಬೈಬಲಿನ ಇನ್ನೊಂದು ಗ್ರಂಥದಲ್ಲಿ, ಕಷ್ಟಕ್ಕೆ ಸಿಕ್ಕಿದ ಯೋಬನು ದೇವರೇ ಉತ್ತರ ಕೊಡುವ ತನಕ ತನ್ನ ದೂರು ಬಿಡಲಿಲ್ಲ; ಗ್ರಂಥದ ಕೊನೆಯಲ್ಲಿ ದೇವರ ಸಿಟ್ಟಿಗೆ ಗುರಿಯಾದವರು ಅವನನ್ನು ಸಮಾಧಾನಪಡಿಸಲು ಬಂದು ಉಪದೇಶ ಮಾಡಿದ ಗೆಳೆಯರು. ಕಷ್ಟದಲ್ಲಿರುವವನಿಗೆ ಆ ಗೆಳೆಯರ ಹಾಗೆ ಮಾತಾಡುವುದು ಮಾತಿನಿಂದ ಮಾಡುವ ಅನ್ಯಾಯ ಎಂದು ತಾಲ್ಮುಡ್ ಸ್ಪಷ್ಟವಾಗಿ ನಿಷೇಧಿಸಿದೆ. ಸಾವಾದ ಮನೆಯಲ್ಲಿ ಏಳು ದಿನ ‘ಶಿವ’ ಕೂರುತ್ತಾರೆ. ಮಾತಾಡಿಸಲು ಹೋದವರು, ದುಃಖದಲ್ಲಿರುವವರು ತಾವಾಗಿ ಬಾಯಿ ತೆರೆಯುವ ತನಕ ಸುಮ್ಮನಿರಬೇಕು. ಸಾವಿನ ಸುದ್ದಿ ಕೇಳಿದಾಗ ತನಗೆ ತಾನೇ ಹೇಳಿಕೊಳ್ಳುವ ಸ್ತುತಿಯೂ ಒಂದಿದೆ, ನ್ಯಾಯ ತೀರಿಸುವವನು ಸತ್ಯವಂತ ಎಂದು. ಅದನ್ನು ಪಕ್ಕದವನಿಗೆ ಬೋಧಿಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಈ ಗೆರೆ ನನಗೆ ತುಂಬ ಮುಖ್ಯ. ನನ್ನ ಕಷ್ಟದ ಎದುರು ನಾನು ಉಪಕಾರಗಳನ್ನು ಎಣಿಸಬಹುದು. ನಿಮ್ಮ ಕಷ್ಟದ ಎದುರು ನಾನು ಎಣಿಸಿದರೆ ಅದು ಕಲ್ಲೆದೆ.

ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ಋಣ ಸ್ಮರಿಸುವುದು, ಅನ್ಯಾಯದ ಎದುರು ಸುಮ್ಮನಿರದಿರುವುದು, ಈ ಎರಡೂ ಗುಣಗಳ ಗುರುತುಗಳು ಹತ್ತಿರಹತ್ತಿರವೇ ಇವೆ. ಸ್ಪಿಟಲ್‌ಫೀಲ್ಡ್ಸ್‌ನ ಬ್ರೂನ್ ಸ್ಟ್ರೀಟಿನಲ್ಲಿ ಯಹೂದಿ ಬಡವರಿಗಾಗಿ 1902ರಲ್ಲಿ ಕಟ್ಟಿದ ಗಂಜಿಕೇಂದ್ರದ ಮುಂಭಾಗ ಇನ್ನೂ ನಿಂತಿದೆ. ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ ಎಂದು ಬಾಗಿಲ ಮೇಲೆ ಕೆತ್ತಿದ್ದಾರೆ, ನಡುವೆ ಸೂಪಿನ ಪಾತ್ರೆಯ ಉಬ್ಬುಶಿಲ್ಪ. ಮುಂಚೆ ಬಂದು ನೆಲೆ ಕಂಡುಕೊಂಡವರು ಹಿಂದಿನಿಂದ ರಷ್ಯಾ, ಪೋಲೆಂಡುಗಳಿಂದ ಬರಿಗೈಯಲ್ಲಿ ಬಂದವರಿಗೆ ನಡೆಸಿದ ದಾಸೋಹ ಅದು. ಅಲ್ಲಿಂದ ಸ್ವಲ್ಪ ದೂರದ ಕೇಬಲ್ ಸ್ಟ್ರೀಟಿನಲ್ಲಿ 1936ರ ಅಕ್ಟೋಬರ್ 4ರಂದು ಆಸ್ವಾಲ್ಡ್ ಮೋಸ್ಲಿಯ ಫ್ಯಾಸಿಸ್ಟರ ಮೆರವಣಿಗೆಯನ್ನು ಯಹೂದಿಗಳು, ಐರಿಷ್ ಬಂದರು ಕಾರ್ಮಿಕರು, ಕಮ್ಯೂನಿಸ್ಟರು ರಸ್ತೆಗೆ ಅಡ್ಡಗಟ್ಟೆ ಹಾಕಿ ತಡೆದರು. ಆಶ್ರಯ ಕೊಟ್ಟ ದೇಶ, ಸುಮ್ಮನಿರೋಣ ಎಂದು ಅವರು ಮನೆಯೊಳಗೆ ಕೂರಲಿಲ್ಲ. ಆ ದೇಶದ ದೊರೆಗಾಗಿ, ಸರ್ಕಾರಕ್ಕಾಗಿ ಸಬ್ಬತ್ ದಿನದ ಪ್ರಾರ್ಥನೆ ಸಲ್ಲಿಸುವುದನ್ನೂ ಬಿಡಲಿಲ್ಲ. ಆ ಪ್ರಾರ್ಥನೆ ಈ ನಗರದ ಸಿನಗಾಗ್‌ಗಳಲ್ಲಿ ಇಂದಿಗೂ ನಡೆಯುತ್ತದೆ.

ಕೊನೆಗೆ, ಈ ವಿಷಯವನ್ನು ನಾನು ಆರಿಸಿಕೊಳ್ಳಲು ಕಾರಣವಾದ ಘಟನೆಗೆ ಬರುತ್ತೇನೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯಿಂದ, 1938ರ ನಂತರ ಆಸ್ಟ್ರಿಯಾ ಮತ್ತು ಚೆಕೊಸ್ಲೊವಾಕಿಯಾಗಳಿಂದಲೂ ಹತ್ತಾರು ಸಾವಿರ ಯಹೂದಿಗಳು ಬ್ರಿಟನ್ನಿಗೆ ಓಡಿಬಂದರು. ಹ್ಯಾಂಪ್‌ಸ್ಟೆಡ್, ಸ್ವಿಸ್ ಕಾಟೇಜ್, ಫಿಂಚ್ಲಿ ರೋಡ್ ಸುತ್ತ ಅವರು ನೆಲೆಸಿದರು. ಸುಮಾರು ಹತ್ತು ಸಾವಿರ ಮಕ್ಕಳು ತಂದೆತಾಯಿ ಇಲ್ಲದೆ ರೈಲು, ಹಡಗು ಹತ್ತಿ ಬಂದರು. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಅವರ ಕಂಚಿನ ಪ್ರತಿಮೆಗಳನ್ನು ನೀವು ನೋಡಿರುತ್ತೀರಿ.

ಇವರಿಗೆ ದೂರಲು ಕಾರಣವಿರಲಿಲ್ಲವೇ? ಮಕ್ಕಳಿಗೆ ಬಾಗಿಲು ತೆರೆದ ಈ ದೇಶ ಅವರ ತಂದೆತಾಯಿಗಳಿಗೆ ತೆರೆಯಲಿಲ್ಲ. ಹೆಚ್ಚಿನ ಮಕ್ಕಳು ಅವರನ್ನು ಮತ್ತೆ ಕಾಣಲಿಲ್ಲ. ಓದಿದ ಹೆಂಗಸರು, ಉಳ್ಳವರ ಮನೆಯ ಹೆಂಗಸರು, ಮನೆಗೆಲಸದವರ ವೀಸಾದ ಮೇಲೆ ಬಂದು ಪಾತ್ರೆ ತಿಕ್ಕಿದರು. 1940ರಲ್ಲಿ ಫ್ರಾನ್ಸ್ ಬಿದ್ದಾಗ, ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರನ್ನೇ ಶತ್ರುದೇಶದವರೆಂದು ಹಿಡಿದರು. ಜರ್ಮನ್, ಆಸ್ಟ್ರಿಯನ್, ಇಟಾಲಿಯನ್ ಮೂಲದ ಸುಮಾರು 27 ಸಾವಿರ ಜನರನ್ನು ಕೂಡಿಹಾಕಿದರು, ಬಹುಪಾಲು ಮಂದಿಯನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಕೆಲವರನ್ನು ಹಡಗಿನಲ್ಲಿ ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಅಟ್ಟಿದರು.

ಆ ನಿರಾಶ್ರಿತರು 1941ರಲ್ಲಿ ಕಟ್ಟಿಕೊಂಡದ್ದು ಯಹೂದಿ ನಿರಾಶ್ರಿತರ ಸಂಘ. ಯುದ್ಧ ಮುಗಿದು ಇಪ್ಪತ್ತು ವರ್ಷವಾಗುವ ಹೊತ್ತಿಗೆ ಅದು ಒಂದು ನಿಧಿಗೆ ಕರೆ ಕೊಟ್ಟಿತು. ‘ಥ್ಯಾಂಕ್ ಯೂ ಬ್ರಿಟನ್’ ಎಂದೇ ಅದರ ಹೆಸರು. ಸಾವಿರಾರು ಮಂದಿ ಕೈಲಾದಷ್ಟು ಕೊಟ್ಟರು. ಸುಮಾರು 90 ಸಾವಿರ ಪೌಂಡು ಕೂಡಿತು, ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಅವರೆಲ್ಲ ದಿನಕ್ಕೆ ನೂರು ಸ್ತುತಿ ಹೇಳುವವರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬರ್ಲಿನ್, ವಿಯೆನ್ನಾಗಳಿಂದ ಬಂದ ಎಷ್ಟೋ ಮಂದಿ ಆಚರಣೆಗಳನ್ನು ಬಿಟ್ಟು ತಲೆಮಾರು ಕಳೆದಿತ್ತು. ಅಜ್ಜಿಯಂದಿರ ಅಡುಗೆಮನೆಯ ಪಾಠ ಅಷ್ಟು ಬೇಗ ಅಳಿಯುವುದಿಲ್ಲ ಎಂದು ಮಾತ್ರ ನಂಬುತ್ತೇನೆ.

1965ರ ನವೆಂಬರ್ 8ರಂದು, ಸೇಂಟ್ ಪಾಲ್ಸ್ ಹತ್ತಿರದ ಸ್ಯಾಡ್ಲರ್ಸ್ ಹಾಲ್‌ನಲ್ಲಿ, ಆ ಹಣದ ಚೆಕ್ಕನ್ನು ಬ್ರಿಟಿಷ್ ಅಕಾಡೆಮಿಗೆ ಒಪ್ಪಿಸಿದರು. ಕೊಟ್ಟವರು ಸರ್ ಹಾನ್ಸ್ ಕ್ರೆಬ್ಸ್. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರು. ಕೇಂಬ್ರಿಡ್ಜ್ ಕರೆಸಿಕೊಂಡಿತು, ಶೆಫೀಲ್ಡ್‌ನಲ್ಲಿ ಅವರು ಮಾಡಿದ ಸಂಶೋಧನೆಗೆ 1953ರಲ್ಲಿ ನೊಬೆಲ್ ಬಂತು. ಜೀವಶಾಸ್ತ್ರ ಓದಿದ ನಮ್ಮ ಮಕ್ಕಳೆಲ್ಲ ಕ್ರೆಬ್ಸ್ ಚಕ್ರವನ್ನು ಬಾಯಿಪಾಠ ಮಾಡಿದವರೇ. ಚೆಕ್ಕು ಪಡೆದವರು ಅಕಾಡೆಮಿಯ ಅಧ್ಯಕ್ಷರಾಗಿದ್ದ ಅರ್ಥಶಾಸ್ತ್ರಜ್ಞ ಲಾರ್ಡ್ ರಾಬಿನ್ಸ್. ಜರ್ಮನಿಯಲ್ಲಿ ಪ್ರಾಧ್ಯಾಪಕರನ್ನು ಹೊರಹಾಕುತ್ತಿದ್ದಾರೆಂಬ ಸುದ್ದಿ 1933ರಲ್ಲಿ ಬಂದಾಗ ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಿಲಿಯಂ ಬೆವೆರಿಜ್ ಜೊತೆ ವಿಯೆನ್ನಾದಲ್ಲಿದ್ದು, ಆ ಪ್ರಾಧ್ಯಾಪಕರಿಗೆ ಇಲ್ಲಿ ನೆಲೆ ಕೊಡಿಸುವ ಮಂಡಳಿಯ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರು. ಉಪಕಾರ ಪಡೆದವನು, ಉಪಕಾರ ಮಾಡಿದವನು, ಇಬ್ಬರೂ ಎದುರುಬದುರು ನಿಂತಿದ್ದರು.

ಈ ನಿರಾಶ್ರಿತರು ದೂರನ್ನು ನುಂಗಿಕೊಂಡರೆಂದು ಯಾರೂ ತಿಳಿಯಬಾರದು. ನಾಜಿಗಳ ಅಪರಾಧಗಳ ದಾಖಲೆಯನ್ನು ಕಾಗದ ಕಾಗದವಾಗಿ ಕೂಡಿಹಾಕಿದ ಆಲ್ಫ್ರೆಡ್ ವೀನರ್ ಅವರ ಗ್ರಂಥಾಲಯ 1939ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಬಂತು. ಇವತ್ತಿಗೂ ರಸೆಲ್ ಸ್ಕ್ವೇರ್‌ನಲ್ಲಿದೆ, ನೀವು ಹೋಗಿ ನೋಡಬಹುದು. ಕೊಂದವರ ಲೆಕ್ಕವನ್ನೂ ಉಳಿಸಿದವರ ಲೆಕ್ಕವನ್ನೂ ಒಂದೇ ಸಮುದಾಯ ಬರೆದಿಟ್ಟಿತು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಹೊಡೆದುಹಾಕಲಿಲ್ಲ.

ಆ 90 ಸಾವಿರ ಪೌಂಡು ಮಾನವಿಕ ಅಧ್ಯಯನಗಳಿಗೆ ಇಟ್ಟ ದತ್ತಿಯಾಯಿತು. ಅದರಿಂದ ವಿದ್ವಾಂಸರಿಗೆ ಫೆಲೋಶಿಪ್ಪು, ಜೊತೆಗೆ ಉಪನ್ಯಾಸಮಾಲೆ. ಮೊದಲ ಉಪನ್ಯಾಸವನ್ನು 1966ರ ಜುಲೈನಲ್ಲಿ ಕೊಟ್ಟವರು ಲಾರ್ಡ್ ರಾಬಿನ್ಸ್ ಅವರೇ. ನಿರಾಶ್ರಿತರಿಗೆ ಆಶ್ರಯ ಕೊಟ್ಟ ದೇಶದ ಹಿರಿಮೆಯನ್ನು ಅವರು ವಿಷಯವಾಗಿ ಆರಿಸಿಕೊಳ್ಳಲಿಲ್ಲ. ವಿಶ್ವವಿದ್ಯಾಲಯಗಳ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು.